ಹಿರಿಯರೂ ಸ್ಮಾರ್ಟ್‌ಫೋನೂ

ಇಂದಿನ ದಿನಮಾನದಲ್ಲಿ ಕೈಫೋನು ಇಲ್ಲದ ಮನೆಯನ್ನು ಹುಡುಕುವುದು ಕಷ್ಟ. ಹುಣಸಗಿಯ ಸಂತೆಯಲ್ಲಿ ಕಾಯಿಪಲ್ಯೆ ಮಾರುವವರ ಬುಟ್ಟಿಯ ಬದಿಗೂ ಹಣ ಪಡೆಯುವ ಕ್ಯೂಆರ್ ಚೀಟಿ ನಿಂತಿರುತ್ತದೆ. ಆದರೆ ಅರವತ್ತು ದಾಟಿದವರನ್ನು ನೋಡಿರಿ; ಅವರಿಗೆ ಫೋನು ಉಂಟು, ಫೋನಿನ ಮೇಲೆ ಅಧಿಕಾರವಿಲ್ಲ. ಅದು ಗಂಟೆ ಬಾರಿಸಿದರೆ ಮೊಮ್ಮಗನನ್ನು ಕೂಗುತ್ತಾರೆ, ಸಂದೇಶ ಬಂದರೆ ಓದುವವರನ್ನು ಅರಸುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದುದರಿಂದ, ಓಣಿಯ ಹಿರಿಯರು ನನ್ನನ್ನು ಇಂಥ ಕೆಲಸಕ್ಕೆ ನೇಮಿಸಿಕೊಂಡಿದ್ದಾರೆ. "ತಮ್ಮಾ, ಈ ತಿಂಗಳ ರೊಕ್ಕ ಬಂದಾವೇನು ನೋಡು" ಎಂಬ ಮಾತನ್ನು ಕೇಳದ ವಾರವಿಲ್ಲ. ಮೂರು ವರ್ಷಗಳಿಂದ ಈ ಚಾಕರಿ ಮಾಡುತ್ತ ಕಂಡುಕೊಂಡ ಕೆಲವು ಸಂಗತಿಗಳನ್ನು ಸಹಪಾಠಿಗಳ ಮುಂದಿಡಬೇಕೆಂದಿದ್ದೇನೆ. ನಿಮ್ಮ ಮನೆಗಳಲ್ಲಿಯೂ ಮುತ್ಯಾ, ಆಯಿಯರು ಇದ್ದಾರಲ್ಲವೆ?

ಹಿರಿಯರಿಗೆ ಯಾವ ಫೋನು ಕೊಡಿಸಬೇಕೆಂದು ಅನೇಕ ಗೆಳೆಯರು ಕೇಳುತ್ತಾರೆ. ನಾನು ಮರುಪ್ರಶ್ನೆ ಹಾಕುವುದುಂಟು: ಅವರ ಬ್ಯಾಂಕಿನ ಖಾತೆಗೆ ಯಾರ ನಂಬರು ಸೇರಿದೆ? ನಮ್ಮ ಭಾಗದಿಂದ ಬೆಂಗಳೂರು, ಪುಣೆ, ಮುಂಬಯಿಗಳಿಗೆ ದುಡಿಯಲು ಗುಳೆ ಹೋಗುವವರು ಬಹಳ. ಮಕ್ಕಳು ಹೋಗುತ್ತಾರೆ, ಮೊಮ್ಮಕ್ಕಳೊಡನೆ ಹಿರಿಯರು ಊರಲ್ಲಿ ಉಳಿಯುತ್ತಾರೆ. ಆಯಿಯ ಖಾತೆಗೆ, ಆಧಾರಿಗೆ ಎಂದೋ ಒಮ್ಮೆ ಬರೆಸಿದ ನಂಬರು ಮಗನದು. ಒಟಿಪಿ ಎಂಬ ಗುಪ್ತಸಂಖ್ಯೆ ಪುಣೆಯ ಯಾವುದೋ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ಸಿಮೆಂಟು ಹೊರುತ್ತಿರುವವನ ಜೇಬಿನಲ್ಲಿ ಬಂದು ಬೀಳುತ್ತದೆ. ಆತ ಅದನ್ನು ನೋಡುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತದೆ. ಇಪ್ಪತ್ತು ಸಾವಿರದ ಫೋನು ಕೊಡಿಸಿದರೂ ಈ ತೊಡಕು ಬಿಡುವುದಿಲ್ಲ. ಮೊದಲು ಆಯಿಯ ಹೆಸರಿನಲ್ಲಿಯೇ ಒಂದು ಸಿಮ್ಮು. ಅನಂತರ ಬ್ಯಾಂಕಿನಲ್ಲಿಯೂ ಆಧಾರ್ ಕೇಂದ್ರದಲ್ಲಿಯೂ ಆ ನಂಬರು ಬರೆಸುವುದು. ಫೋನಿನ ಮಾತು ಆಮೇಲೆ.

ಇನ್ನು ಫೋನಿನ ಆಯ್ಕೆ. ನಾವು ಬಳಸಿ ಬೇಸತ್ತ, ಗಾಜು ಸೀಳಿದ ಫೋನನ್ನು ಹಿರಿಯರಿಗೆ ದಾಟಿಸುವ ಪದ್ಧತಿ ಎಲ್ಲೆಡೆ ಇದೆ. ಇದು ನನಗೆ ಸರಿದೋರದು. ಕಣ್ಣು ಚುರುಕಾಗಿರುವ ನಮಗೇ ಕೈಕೊಟ್ಟ ಯಂತ್ರವು ಅವರಿಗೆ ಹೇಗೆ ಒದಗೀತು? ಮೇಲಾಗಿ ಹಳೆಯ ಯಂತ್ರಗಳಿಗೆ ಆಯುಷ್ಯವೂ ಮುಗಿಯುತ್ತದೆ. ಆಂಡ್ರಾಯ್ಡ್ 5ಕ್ಕಿಂತ ಹಿಂದಿನ ಫೋನುಗಳಲ್ಲಿ 2023ರ ಅಕ್ಟೋಬರಿನಿಂದ ವಾಟ್ಸಾಪ್ ನಡೆಯದಾಯಿತು. ಕಡಿಮೆ ಬೆಲೆಯದಾದರೂ ಹೊಸದು ಇರಲಿ. ಪರದೆ ದೊಡ್ಡದು, ಧ್ವನಿ ಗಟ್ಟಿ, ಬ್ಯಾಟರಿ ಎರಡು ದಿನ ತಾಳುವಂತಿದ್ದರೆ ಸಾಕು, ಕ್ಯಾಮರಾದ ಬಡಿವಾರ ಬೇಡ. ಟ್ಯಾಬ್ಲೆಟ್ಟು ಕಣ್ಣಿಗೆ ಹಿತವೇ. ಮನೆಯಲ್ಲಿ ಕುಳಿತು ಮೊಮ್ಮಗಳ ಮುಖ ನೋಡಲು, ಭಜನೆ ಕೇಳಲು ಅದು ಚೆನ್ನ. ಆದರೆ ಸೆರಗಿನ ಗಂಟಿನಲ್ಲಿ, ಅಂಗಿಯ ಜೇಬಿನಲ್ಲಿ ಹಿಡಿಸದು. ಸಿಮ್ಮು ಹಾಕಲು ಬಾರದ ಟ್ಯಾಬ್ಲೆಟ್ಟುಗಳೂ ಇವೆ, ಕೇಳಿ ಕೊಳ್ಳಬೇಕು.

ಕೊಂಡು ತಂದ ಮೇಲೆ ಮೊದಲ ಜಗಳ ಬೆರಳಿಗೂ ಗಾಜಿಗೂ. "ನಾ ಒತ್ತಿದರ ಇದು ಕೇಳೂದೇ ಇಲ್ಲ" ಎಂದು ಹಿರಿಯರು ದೂರುವುದರಲ್ಲಿ ಸುಳ್ಳಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಿದ್ಯುತ್ ಜಾಲವೊಂದಿದೆ. ನಮ್ಮ ದೇಹವು ವಿದ್ಯುದ್ವಾಹಕವಾದುದರಿಂದ ಬೆರಳು ತಾಗಿದೆಡೆ ಆ ಜಾಲದ ವಿದ್ಯುದಂಶ ಕಿಂಚಿತ್ ಬದಲಾಗುತ್ತದೆ. ಯಂತ್ರವು ಅರಿಯುವುದು ಈ ಬದಲಾವಣೆಯನ್ನೇ ಹೊರತು ಒತ್ತಡವನ್ನಲ್ಲ. ನಾರಾಯಣಪುರದ ಕಾಲುವೆಯ ನೀರಿನಲ್ಲಿ ಭತ್ತ ನಾಟಿ ಮಾಡಿ, ಹತ್ತಿ ಬಿಡಿಸಿ ಗಡುಸಾದ ಬೆರಳಿನ ಒಣ ಚರ್ಮವು ಈ ಬದಲಾವಣೆಯನ್ನು ಸರಿಯಾಗಿ ಉಂಟುಮಾಡದು. ಕೈ ತೊಳೆದು ಒರೆಸಿ, ತುಸು ತೇವ ಉಳಿದಿರುವಾಗ ಮುಟ್ಟಿದರೆ ಕೆಲಸ ನಡೆಯುತ್ತದೆ. ಬೆರಳಿನ ಗೆರೆಗಳು ಸವೆದವರಿಗೆ ಬೆರಳಚ್ಚಿನ ಬೀಗವೂ ಬೇಡ, ನಾಲ್ಕಂಕಿಯ ಪಿನ್ನೇ ಲೇಸು.

ಯಂತ್ರ ಕೇಳದಿದ್ದಾಗ ಹಿರಿಯರು ಇನ್ನೂ ಬಲವಾಗಿ, ಇನ್ನೂ ಹೊತ್ತು ಒತ್ತುತ್ತಾರೆ. ಫೋನಿನ ಭಾಷೆಯಲ್ಲಿ ಬಹಳ ಹೊತ್ತು ಒತ್ತುವುದೆಂದರೆ ಬೇರೆಯೇ ಆಜ್ಞೆ. ಚಿತ್ರವು ಜಾಗ ಬಿಟ್ಟು ಕದಲುತ್ತದೆ, ಒಮ್ಮೊಮ್ಮೆ ಪರದೆಯಿಂದ ಅಳಿಸಿಯೂ ಹೋಗುತ್ತದೆ. ಆಗ "ಮುತ್ಯಾ ಫೋನು ಕೆಡಿಸಿದ" ಎಂದು ಮನೆಮಂದಿಯೆಲ್ಲ ಗದರಿಸುತ್ತಾರೆ. ಮುತ್ಯಾ ಏನನ್ನೂ ಕೆಡಿಸಿಲ್ಲ! ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬ ಭಾಗವಿದೆ. ಅದರಲ್ಲಿ ಎಷ್ಟು ಹೊತ್ತು ಹಿಡಿದರೆ 'ಹಿಡಿದಂತೆ' ಎಂಬುದನ್ನು ಹೆಚ್ಚಿಸಲು ಬರುತ್ತದೆ. ಅದನ್ನು ಹೆಚ್ಚಿಸಿದ ದಿನದಿಂದ ನಮ್ಮ ಓಣಿಯ ಒಬ್ಬ ಹಿರಿಯರಿಗೆ ಬೈಗುಳ ತಪ್ಪಿತು. ಹಾಗೆಯೇ ಪರದೆಯ ಅಂಚಿನಿಂದ ಬೆರಳೆಳೆಯುವ ರೀತಿಯನ್ನು ಬಿಟ್ಟು ಕೆಳಗೆ ಮೂರು ಗುಂಡಿಗಳು ಸದಾ ಕಾಣುವಂತೆ ಇಡಬಹುದು. ಮೂವತ್ತು ಸೆಕೆಂಡಿಗೆ ಕತ್ತಲಾಗುವ ಪರದೆಯನ್ನು ಎರಡು ನಿಮಿಷ ಬೆಳಗುವಂತೆ ಮಾಡಬಹುದು. ಅವರು ನಿಧಾನವಾಗಿ ಓದುವವರು. ಯಂತ್ರವೂ ಅವರಿಗಾಗಿ ತುಸು ಕಾಯಲಿ.

ಅಕ್ಷರದ ಗಾತ್ರವನ್ನು ಎಲ್ಲರೂ ದೊಡ್ಡದು ಮಾಡುತ್ತಾರೆ. ಕನ್ನಡಕ್ಕಂತೂ ಅದು ಇಂಗ್ಲಿಷಿಗಿಂತ ಹೆಚ್ಚು ಅವಶ್ಯ. ನಮ್ಮ ಒತ್ತಕ್ಷರಗಳು ಕೆಳಗೆ ಸಣ್ಣದಾಗಿ ಕೂಡುವುದರಿಂದ ದ-ಧ, ಪ-ಫ ಭೇದವೂ ಒತ್ತುಗಳೂ ಮಂಜುಗಣ್ಣಿಗೆ ಒಂದೇ ಆಗುತ್ತವೆ. ಇಲ್ಲಿ ನಮ್ಮ ಭಾಗದ ಒಂದು ವಿಶೇಷವನ್ನು ಹೇಳಬೇಕು. 1948ರವರೆಗೆ ಈ ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು, ಶಾಲೆಯಲ್ಲಿಯೂ ಅದರದೇ ಪ್ರಾಬಲ್ಯ. ಆ ಕಾಲದಲ್ಲಿ ಕಲಿತ ತೊಂಬತ್ತರ ಅಂಚಿನ ಕೆಲವರು ಇಂದಿಗೂ ಲೆಕ್ಕವನ್ನು ಉರ್ದುವಿನಲ್ಲಿ ಬರೆಯುತ್ತಾರೆ. ಅಂಥ ಒಬ್ಬರ ಫೋನಿಗೆ ಉರ್ದು ಲಿಪಿಯನ್ನು ಜೋಡಿಸಿ ಕೊಟ್ಟಾಗ, ನನಗೆ ಬಾರದುದನ್ನು ಅವರು ಸರಸರನೆ ಓದಿದರು. ಕನ್ನಡಿಗರ ಮನೆಯೆಂದು ಕನ್ನಡವನ್ನೇ ಇಟ್ಟು ಕೈತೊಳೆದುಕೊಳ್ಳುವ ಮೊದಲು ಕೇಳಿ ನೋಡುವುದೊಳ್ಳೆಯದು. ಕಿವಿಯ ಮಾತೂ ಹೀಗೆಯೇ. ಮುಪ್ಪಿನಲ್ಲಿ ಮೊದಲು ಕ್ಷೀಣಿಸುವುದು ಕೀರಲು ಸ್ವರಗಳನ್ನು ಕೇಳುವ ಶಕ್ತಿ. ಆದುದರಿಂದ ಗಂಟೆಯ ದನಿ ಹಲಗೆ, ಡೊಳ್ಳಿನಂತೆ ತಗ್ಗಿನ ಸ್ವರದ್ದಿರಬೇಕು.

ಓದು ಬರೆಹವಿಲ್ಲದವರ ಗತಿಯೇನು? ನಮ್ಮಲ್ಲಿ ಅವರೇ ಹೆಚ್ಚು. ಅವರಿಗೆ ಮಕ್ಕಳ ಹೆಸರಿನ ಬದಲು ಮುಖವಿರಲಿ. ಮಗಳ ಭಾವಚಿತ್ರವನ್ನು ಮುಟ್ಟಿದೊಡನೆ ಮಗಳಿಗೆ ಫೋನು ಹೋಗುವಂತೆ ಮುಂಪರದೆಯ ಮೇಲೆ ಇಡಬಹುದು. ವಾಟ್ಸಾಪಿನಲ್ಲಿ ಮಾತನ್ನೇ ಕಳಿಸಬಹುದು. 2017ರಿಂದ ಗೂಗಲ್ಲಿಗೆ ಕನ್ನಡ ಮಾತು ಕೇಳಿ ಬರೆದುಕೊಳ್ಳಲೂ ಬರುತ್ತದೆ. ನಮ್ಮ ಕಡೆಯ ಆಡುಮಾತಿಗೆ ಅದು ಆಗಾಗ ತಡವರಿಸುವುದನ್ನು ನೋಡಿ ಆಯಿಯರು ನಗುತ್ತಾರೆ. ಕಲಿಸುವಾಗ ನಾನು ಫೋನನ್ನು ಅವರ ಕೈಯಿಂದ ತೆಗೆದುಕೊಳ್ಳುವುದಿಲ್ಲ. ನಾವು ಕಸಿದು ಟಕಟಕನೆ ಮಾಡಿ ತೋರಿಸಿದರೆ ಅವರು ಕಲಿಯುವುದು ನಮ್ಮ ಚುರುಕುತನವನ್ನು ಮಾತ್ರ. ದಿನಕ್ಕೆ ಒಂದೇ ಕೆಲಸ, ಅವರ ಬೆರಳಿನಿಂದಲೇ ಹತ್ತು ಸಲ.

ಕಡೆಗೆ ರೊಕ್ಕದ ಮಾತು; ಎಲ್ಲಕ್ಕಿಂತ ಬಿಕ್ಕಟ್ಟಿನದು ಇದೇ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದ ಮೇಲೆ, ತನ್ನ ಹೆಸರಿಗೆ ತಿಂಗಳಿಗೆ 2000 ರೂಪಾಯಿ ಬರುವುದನ್ನು ಜನ್ಮದಲ್ಲಿ ಮೊದಲ ಬಾರಿಗೆ ಕಂಡ ಹೆಂಗಸರಿದ್ದಾರೆ. ನಮ್ಮ ಓಣಿಯ ಒಬ್ಬ ಆಯಿಯ ಪಿನ್ನು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆಕೆಗೊಬ್ಬಳಿಗೆ ಗೊತ್ತಿರಲಿಲ್ಲ. ಹಣ ಬಂದದ್ದೂ ಹೋದದ್ದೂ ಆಕೆಗೆ ತಿಳಿಯುತ್ತಿರಲಿಲ್ಲ, ಕೇಳಲು ಭಿಡೆ. ಬ್ಯಾಂಕಿನಲ್ಲಿ ಆಕೆಯ ನಂಬರು ಬರೆಸಿದ ಮೇಲೆ, ಮಿಸ್ಡ್ ಕಾಲ್ ಕೊಟ್ಟು ಬಾಕಿ ತಿಳಿಯುವುದನ್ನು ಕಲಿಸಿದೆ. ಅಂಕಿಗಳನ್ನಷ್ಟೇ ಓದಬಲ್ಲ ಆಕೆಗೆ ಅಷ್ಟೇ ಸಾಕಾಯಿತು. ಬಳಿಕ ಹೊಸ ಪಿನ್ನು ಹಾಕುವಾಗ, "ಇದು ಟ್ರಂಕಿನ ಕೀಲಿ ಇದ್ದಂಗ ಆಯಿ, ನನಗೂ ತೋರಸಬ್ಯಾಡ" ಎಂದು ಮುಖ ತಿರುಗಿಸಿ ನಿಂತೆ. ಆಕೆ ಬಹಳ ಹೊತ್ತು ಯೋಚಿಸಿ ಒತ್ತಿದಳು. ಮುಂದಿನ ತಿಂಗಳು ಮನೆಯಲ್ಲಿ ನನ್ನ ಮೇಲೆ ಸ್ವಲ್ಪ ಮುನಿಸು ಕಂಡುಬಂತೆಂಬುದನ್ನೂ ಹೇಳಿಬಿಡುತ್ತೇನೆ. ಸಹಾಯ ಮಾಡುವವನೇ ಯಜಮಾನನಾಗಿಬಿಡುವ ಭಯ ಈ ಕೆಲಸದಲ್ಲಿ ಸದಾ ಇದೆ, ನಮ್ಮಂಥ ಓದಿದವರೂ ಅದಕ್ಕೆ ಹೊರತಲ್ಲ.

ಹೊರಗಿನ ಕಳ್ಳರ ವಿಷಯದಲ್ಲಿ ನಾನು ಹೇಳಿಕೊಡುವುದು ಎರಡೇ ಮಾತು. ಹಣ ಪಡೆಯಲು ಪಿನ್ನು ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ಮದುವೆಯ ಆಮಂತ್ರಣವೆಂದೋ ಕಿಸಾನ್ ಹಣವೆಂದೋ ವಾಟ್ಸಾಪಿನಲ್ಲಿ ಬರುವ ಎಪಿಕೆ ಎಂಬ ಕಡತವನ್ನು ಮುಟ್ಟಬಾರದು. ಹಣ ಹೋದುದು ತಿಳಿದ ಕೂಡಲೆ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ "ನನಗ ಇದು ಬ್ಯಾಡಪಾ, ಗುಂಡಿ ಫೋನೇ ಇರಲಿ" ಎನ್ನುವ ಹಿರಿಯರಿದ್ದಾರೆ. ಅವರನ್ನು ಹಿಂದುಳಿದವರೆಂದು ನಗುವ ಕಾರಣವಿಲ್ಲ. 2022ರಿಂದ ಗುಂಡಿ ಫೋನಿನಲ್ಲಿಯೂ ಯುಪಿಐ 123ಪೇ ಮೂಲಕ ಹಣ ಕಳಿಸಬಹುದಾಗಿದೆ. ನಮ್ಮ ಓಣಿಯಲ್ಲಿ ಹಾಗೆಂದವರಿಬ್ಬರು. ಅವರ ಫೋನುಗಳಲ್ಲಿ ಎರಡನೆಯ ಗುಂಡಿಗೆ ಮಗಳ ನಂಬರು, ಮೂರನೆಯದಕ್ಕೆ ಮಗನ ನಂಬರು ಕೂಡಿಸಿ ಕೊಟ್ಟಿದ್ದೇನೆ.