ಹುಣಸೆ ಬೀಜ, ಕೆಮ್ಮಣ್ಣು: ನಂಬಿಕೆ ಏನು, ನಿಜವೇನು?

ಹುಲಿಹೈದರದಂಥ ಹಳ್ಳಿಯ ಅಂಗಡಿಗೂ ಈಗ ‘ನೈಸರ್ಗಿಕ’ ಎಂಬ ಹಣೆಪಟ್ಟಿಯ ಸರಕು ಬರುವ ಕಾಲ. ಆ ಮಾತನ್ನು ಕಣ್ಣುಮುಚ್ಚಿ ನಂಬುವುದು ತಪ್ಪು; ನಮ್ಮ ಹಿರಿಯರ ಕಸುಬನ್ನು ಹಳೆಯದೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಕೊಪ್ಪಳ ಸೀಮೆಯ ವಸ್ತುಗಳನ್ನೇ ಇಟ್ಟುಕೊಂಡು ನೋಡೋಣ.

ತಪ್ಪು ಕಲ್ಪನೆ: ಬಂಡೆಚಿತ್ರಗಳನ್ನು ಪ್ರಾಣಿಯ ರಕ್ತದಿಂದ, ಸೊಪ್ಪಿನ ರಸದಿಂದ ಬರೆದಿದ್ದಾರೆ.

ಸತ್ಯ: ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಕೆಂಪು ಚಿತ್ರಗಳು ಕೆಮ್ಮಣ್ಣಿನವು. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಆಗಲೇ ಆಮ್ಲಜನಕದೊಂದಿಗೆ ಕೂಡಿಹೋದ ಕಬ್ಬಿಣ ಗಾಳಿಗೆ ಮತ್ತೆ ಕೆಡುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ರಕ್ತವಾದರೆ ಬೇಗನೆ ಕಪ್ಪಾಗುತ್ತದೆ. ಅರಿಸಿನದಂಥ ಸಸ್ಯವರ್ಣದ ಅಣುಗಳನ್ನು ಬಿಸಿಲೇ ಒಡೆದುಹಾಕುತ್ತದೆ.

ತಪ್ಪು ಕಲ್ಪನೆ: ನೈಸರ್ಗಿಕ ಬಣ್ಣದಿಂದ ಅಪಾಯವೇ ಇಲ್ಲ.

ಸತ್ಯ: ಹಿಂದಿನ ಚಿತ್ರಕಾರರು ಬಳಸುತ್ತಿದ್ದ ಹಳದಿ ಹರಿತಾಳದಲ್ಲಿ ಆರ್ಸೆನಿಕ್ ಇದೆ, ಕೆಂಪು ಇಂಗಳೀಕದಲ್ಲಿ ಪಾದರಸವಿದೆ. ಎರಡೂ ನೆಲದಿಂದ ಬಂದ ಖನಿಜಗಳೇ. ಸಸ್ಯಮೂಲದ ಬಣ್ಣಕ್ಕೂ ಕಲಬೆರಕೆಯ ಭಯ ತಪ್ಪಿದ್ದಲ್ಲ: ಬಾಂಗ್ಲಾದೇಶದಲ್ಲಿ ಅರಿಸಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುತ್ತಿದ್ದುದನ್ನು 2019ರಲ್ಲಿ ಸಂಶೋಧಕರು ಬಯಲಿಗೆಳೆದರು. ಸೀಸ ಮಕ್ಕಳ ಮಿದುಳಿಗೆ ಕುತ್ತು. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಅದಕ್ಕಿಲ್ಲ. ಬಣ್ಣ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದರಲ್ಲಿ ಏನಿದೆ ಎನ್ನುವುದು ಮುಖ್ಯ.

ತಪ್ಪು ಕಲ್ಪನೆ: ಹುಣಸೆ ಬೀಜ ಬರೀ ಕಸ, ಅದರ ಅಂಟು ಹಳ್ಳಿಯ ಗೊಂಬೆಗಷ್ಟೇ ಸರಿ.

ಸತ್ಯ: ಕೊಪ್ಪಳ ಬಳಿಯ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರು ಸೆಣಬಿನ ಚಿಂದಿಯನ್ನು ನೆನೆಸಿ, ಸಣ್ಣಗೆ ಬಿಡಿಸಿ, ಒಣಗಿಸಿ ಪುಡಿ ಮಾಡುತ್ತಾರೆ. ಅದಕ್ಕೆ ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ‘ಕಿಟ್ಟ’ ಕಲಸಿ, ಹಗುರ ಮರದ ಗೊಂಬೆಯ ಮೈಗೆ ಕೈಯಿಂದಲೇ ಬಳಿಯುತ್ತಾರೆ. ಹತ್ತಿಬಟ್ಟೆಯ ತುಂಡು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟ ಮೇಲೆಯೇ ಬಣ್ಣ. ನಾರು ಮತ್ತು ಅಂಟನ್ನು ಬೆಸೆದು ಗಟ್ಟಿ ವಸ್ತು ಮಾಡುವ ಈ ವಿದ್ಯೆಯನ್ನೇ ಇಂದಿನ ಜೈವಿಕ ವಸ್ತುವಿಜ್ಞಾನವೂ ಬೆಳೆಸುತ್ತಿದೆ.

ಆ ಬೀಜದ ತಿರುಳಿನಲ್ಲಿರುವ ಕ್ಸೈಲೋಗ್ಲುಕಾನ್ ಎಂಬ ಪಿಷ್ಟದಂಥ ವಸ್ತುವಿನ ರಚನೆ ಕಣ್ಣೀರಿನಲ್ಲಿರುವ ಮ್ಯೂಸಿನ್ ಎಂಬ ಲೋಳೆಯನ್ನು ಹೋಲುತ್ತದೆ. ಹಾಗಾಗಿ ಅದು ಕಣ್ಣಿನ ಮೇಲ್ಮೈಗೆ ಹಿಡಿದುಕೊಂಡು ತೇವ ಉಳಿಸುತ್ತದೆ. ಕಣ್ಣು ಒಣಗುವ ತೊಂದರೆಗೆ ಇದರಿಂದ ತಯಾರಾದ ಹನಿಮದ್ದು ಬಳಕೆಯಲ್ಲಿದೆ. ಆದರೆ ಅದು ಶುದ್ಧೀಕರಿಸಿ, ಸೂಕ್ಷ್ಮಾಣು ಸೋಂಕಿಲ್ಲದಂತೆ ಮಾಡಿದ್ದು. ಮನೆಯಲ್ಲಿ ಕುದಿಸಿದ ಹುಣಸೆ ಬೀಜದ ಗಂಜಿಯನ್ನು ಕಣ್ಣಿಗೆ ಹಾಕಿಕೊಂಡರೆ ದೃಷ್ಟಿಗೇ ಸಂಚಕಾರ.

ತಪ್ಪು ಕಲ್ಪನೆ: ಜೈವಿಕ ಚೀಲ ಎಲ್ಲಿ ಬಿಸಾಡಿದರೂ ಕರಗುತ್ತದೆ, ಹವಾಮಾನಕ್ಕೆ ಒಳ್ಳೆಯದು.

ಸತ್ಯ: ಕೊಳೆಯಲು ತೇವ, ಶಾಖ, ಸೂಕ್ಷ್ಮಜೀವಿ ಮೂರೂ ಬೇಕು. ಇಂಥ ಚೀಲಗಳಿಗೆ ಬಳಸುವ, ಮೆಕ್ಕೆಜೋಳದ ಪಿಷ್ಟದಿಂದ ತಯಾರಾಗುವ ಪಿಎಲ್‌ಎ ಪ್ಲಾಸ್ಟಿಕ್ ಬೇಗ ಕರಗಬೇಕಾದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದ ಗೊಬ್ಬರ ಘಟಕ ಬೇಕು. ನಮ್ಮ ಒಣಭೂಮಿಯ ರಸ್ತೆಬದಿಯಲ್ಲಿ ಅದು ಬಹುಕಾಲ ಹಾಗೇ ಬಿದ್ದಿರುತ್ತದೆ. ಇನ್ನು ಗಾಳಿಯಾಡದ ತಿಪ್ಪೆಯಲ್ಲಿ ಕೊಳೆಯುವ ಯಾವುದೇ ಜೈವಿಕ ಕಸ ಮೀಥೇನ್ ಬಿಡುತ್ತದೆ. ಭೂಮಿಯ ಬಿಸಿ ಏರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಪ್ರಬಲ. ಬಟ್ಟೆಚೀಲವನ್ನೇ ಮತ್ತೆ ಮತ್ತೆ ಬಳಸುವುದು ಲೇಸು.

ತಪ್ಪು ಕಲ್ಪನೆ: ಐಎಸ್‌ಐ ಗುರುತಿಲ್ಲದ ಕಿನ್ನಾಳ ಗೊಂಬೆ ಕಾನೂನುಬಾಹಿರ.

ಸತ್ಯ: ಆಟಿಕೆಗಳಿಗೆ 2021ರ ಜನವರಿಯಿಂದ ಆ ಗುರುತು ಕಡ್ಡಾಯವಾದರೂ, ಕಿನ್ನಾಳ ಗೊಂಬೆಯಂತೆ ಭೌಗೋಳಿಕ ಗುರುತು ಪಡೆದ ಕರಕುಶಲ ಆಟಿಕೆಗಳಿಗೆ ವಿನಾಯಿತಿ ಇದೆ. ಧೈರ್ಯವಾಗಿ ಕೊಳ್ಳಿ. ಎಲ್ಲವನ್ನೂ ಬಾಯಿಗಿಡುವ ಕೂಸು ಮನೆಯಲ್ಲಿದ್ದರೆ ಮಾತ್ರ ಯಾವ ಬಣ್ಣ ಬಳಿದಿದ್ದೀರಿ ಎಂದು ಚಿತ್ರಗಾರರನ್ನು ಕೇಳಿ. ತಮ್ಮ ಕೈಯಾರೆ ಮಾಡಿದವರಿಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ.