ಹೊಟ್ಟೆಯೊಳಗಿನ ಮಹಾಧಮನಿ: ಹಿರಿಯರು ಅರಿತಿರಬೇಕಾದ ಒಂದು ಪರೀಕ್ಷೆ

ರಕ್ತದೊತ್ತಡವನ್ನು ಅಳೆಯಿಸಿಕೊಳ್ಳುವುದೂ ಸಕ್ಕರೆಯ ಅಂಶವನ್ನು ಪರೀಕ್ಷಿಸಿಕೊಳ್ಳುವುದೂ ಹೈದರಾಬಾದಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಈಗ ವಾಡಿಕೆಯಾಗಿವೆ. ಕಾಚಿಗುಡದಲ್ಲಾಗಲಿ ಕೂಕಟ್‌ಪಲ್ಲಿಯಲ್ಲಾಗಲಿ, ನಾಲ್ವರು ಹಿರಿಯರು ಕೂಡಿದರೆ ಮಾತು ಇವೆರಡರತ್ತ ತಿರುಗದೆ ಇರುವುದಿಲ್ಲ. ಆದರೆ ಈ ಎರಡು ಪರೀಕ್ಷೆಗಳಿಗೂ ಸಿಕ್ಕದೆ, ಬಹುಮಟ್ಟಿಗೆ ನೋವನ್ನೂ ಕೊಡದೆ ಬೆಳೆದು, ಒಂದು ದಿನ ಹಠಾತ್ತಾಗಿ ಪ್ರಾಣವನ್ನೇ ಕೊಂಡೊಯ್ಯಬಲ್ಲ ವ್ಯಾಧಿಯೊಂದುಂಟು. ಅದೇ ಹೊಟ್ಟೆಯೊಳಗಿನ ಮಹಾಧಮನಿಯ ಉಬ್ಬು. ವೈದ್ಯರು ಇದನ್ನು ಅನ್ಯೂರಿಸಂ ಎಂದು ಕರೆಯುತ್ತಾರೆ.

ಹೃದಯದಿಂದ ಹೊರಟ ಮಹಾಧಮನಿಯು ಎದೆಯನ್ನು ದಾಟಿ, ಬೆನ್ನೆಲುಬಿನ ಮುಂಭಾಗದಲ್ಲಿ ಇಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರು. ವಯಸ್ಸಾದಂತೆ ಕೆಲವರಲ್ಲಿ ಅದರ ಗೋಡೆ ಬಲಗುಂದಿ, ಹಳೆಯ ಸೈಕಲ್ ಟ್ಯೂಬು ಒಂದೆಡೆ ಉಬ್ಬುವಂತೆ ಉಬ್ಬತೊಡಗುತ್ತದೆ. ಅಗಲವು 3 ಸೆಂಟಿಮೀಟರನ್ನು ಮುಟ್ಟಿದರೆ ಅದು ಅನ್ಯೂರಿಸಂ. ಉಬ್ಬು ದೊಡ್ಡದಾದಷ್ಟೂ ಒಡೆಯುವ ಭಯ ಹೆಚ್ಚು. ಒಡೆದ ಮೇಲೆ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿ ಆಸ್ಪತ್ರೆಯನ್ನು ಸೇರುವ ಮೊದಲೋ ಶಸ್ತ್ರಚಿಕಿತ್ಸೆಯ ಬಳಿಕವೋ ಅಸುನೀಗುತ್ತಾರೆ.

ಲೋಕವಿಖ್ಯಾತ ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನರನ್ನು ಬಲಿ ತೆಗೆದುಕೊಂಡದ್ದು ಈ ವ್ಯಾಧಿಯೇ. 1948ರಲ್ಲಿ ಡಾಕ್ಟರ್ ರುಡಾಲ್ಫ್ ನಿಸೆನ್ನರು ಅವರ ಉಬ್ಬಿದ ಧಮನಿಗೆ ಸೆಲೋಫೇನ್ ಹಾಳೆಯನ್ನು ಸುತ್ತಿ ಬಲಪಡಿಸಿದರು. ಅದರಿಂದಾಚೆಗೆ ಆರು ವರ್ಷಕ್ಕೂ ಮಿಕ್ಕಿ ಬದುಕಿದ್ದ ಐನ್‌ಸ್ಟೈನರು ಧಮನಿ ಒಡೆದಾಗ ಮತ್ತೊಂದು ಶಸ್ತ್ರಚಿಕಿತ್ಸೆಯನ್ನು ಒಲ್ಲದೆ 1955ರ ಏಪ್ರಿಲ್ 18ರಂದು ದಿವಂಗತರಾದರು. ಈ ನಡುವೆ 1951ರಲ್ಲಿ ಪ್ಯಾರಿಸಿನ ಶಾರ್ಲ್ ದ್ಯುಬೋಸ್ಟರು ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು ಬೇರೆ ನಾಳವನ್ನು ಜೋಡಿಸಿ ತೋರಿಸಿದ್ದರು. 1990ರಲ್ಲಿ ಅರ್ಜೆಂಟೀನಾದ ಹ್ವಾನ್ ಪರೋಡಿಯವರು ಹೊಟ್ಟೆಯನ್ನು ಸೀಳದೆ, ತೊಡೆಯ ಸಂದಿನ ರಕ್ತನಾಳದ ಮೂಲಕವೇ ಒಳಗೆ ಕೊಳವೆಯನ್ನಿಡುವ ಕ್ರಮವನ್ನು ನಡೆಸಿದರು. ಹೀಗೆ ಮದ್ದು ಉಂಟು. ರೋಗವನ್ನು ವೇಳೆಗೆ ಕಂಡುಹಿಡಿಯುವುದೇ ಪ್ರಶ್ನೆ.

ಕಂಡುಹಿಡಿಯುವ ದಾರಿಯಾದರೋ ಬಹು ಸುಲಭ. ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಉಪಕರಣವನ್ನು ಆಡಿಸಿ ಹತ್ತು ನಿಮಿಷದೊಳಗೆ ಧಮನಿಯ ಅಗಲವನ್ನು ಅಳೆಯಬಹುದು, ಚುಚ್ಚುವುದಿಲ್ಲ, ನೋವಿಲ್ಲ. ಇಂಗ್ಲೆಂಡಿನಲ್ಲಿ 65ರಿಂದ 74 ವಯಸ್ಸಿನ 67,800 ಗಂಡಸರನ್ನು ಎರಡು ಗುಂಪು ಮಾಡಿ, ಒಂದನ್ನು ಮಾತ್ರ ಈ ಪರೀಕ್ಷೆಗೆ ಕರೆದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಾಲ್ಕು ವರ್ಷಗಳಲ್ಲಿ ಕರೆಯದ ಗುಂಪಿನಲ್ಲಿ ಈ ವ್ಯಾಧಿಯಿಂದ 113 ಮಂದಿ, ಕರೆದ ಗುಂಪಿನಲ್ಲಿ 65 ಮಂದಿ ಸತ್ತಿದ್ದರು. ಇಂದು ಅಲ್ಲಿ 65 ತುಂಬುವ ಗಂಡಸರಿಗೆಲ್ಲ ಸರಕಾರದಿಂದಲೇ ಕರೆ ಬರುತ್ತದೆ.

ನಮ್ಮ ದೇಶದಲ್ಲಿ ಅಂಥ ರಾಷ್ಟ್ರೀಯ ಯೋಜನೆಯಿಲ್ಲ. ಆದುದರಿಂದ ಕೇಳಿ ಪಡೆಯಬೇಕಾದವರು ನಾವೇ. ಯಾರು ಕೇಳಬೇಕು? ಮೊದಲನೆಯದಾಗಿ, ಬೀಡಿ ಸಿಗರೇಟುಗಳನ್ನು ಸೇದುವ, ಅಥವಾ ಹಿಂದೆ ಸೇದಿ ಬಿಟ್ಟಿರುವ 65 ದಾಟಿದ ಗಂಡಸರು. ಈ ವ್ಯಾಧಿಗೆ ಧೂಮಪಾನದಷ್ಟು ದೊಡ್ಡ ಹಗೆ ಮತ್ತೊಂದಿಲ್ಲ. 1930ರಲ್ಲಿ ಆರಂಭವಾದ ವಜೀರ್ ಸುಲ್ತಾನ್ ತಂಬಾಕು ಕಂಪೆನಿಯ ಚಾರ್‌ಮಿನಾರ್ ಸಿಗರೇಟಿನ ಹೆಸರು ಮನೆಮಾತಾಗಿದ್ದ ಊರಿದು. ಹಳಬರಲ್ಲಿ ಹೊಗೆಯ ರುಚಿ ಅರಿಯದವರು ವಿರಳ. ಎರಡನೆಯದಾಗಿ, ತಂದೆಗೋ ಒಡಹುಟ್ಟಿದವರಿಗೋ ಈ ಉಬ್ಬು ಇದ್ದವರು. ಹೆಂಗಸರಲ್ಲಿ ಇದು ಕಡಿಮೆ. ಆದರೆ ಬಂದರೆ ಸಣ್ಣ ಅಳತೆಯಲ್ಲಿಯೇ ಒಡೆಯುವ ಸಂಭವ ಹೆಚ್ಚು.

ಸ್ಕ್ಯಾನಿಂಗ್ ಎಂದೊಡನೆ ಗರ್ಭಿಣಿಯರ ವಿಷಯವೆಂದು ಹಿಂಜರಿಯುವ ಅಜ್ಜಂದಿರಿದ್ದಾರೆ. ಆ ಸಂಕೋಚ ಸಲ್ಲದು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಯ ಮೇರೆಗೆ ಈ ಯಂತ್ರಗಳು ನೋಂದಣಿಯಾಗಿರಲೇಬೇಕು; ಮನಬಂದಲ್ಲಿಗೆ ಹೊತ್ತೊಯ್ಯುವಂತಿಲ್ಲ. ಆದಕಾರಣ ಆರೋಗ್ಯ ಶಿಬಿರ ನಡೆಸುವ ನಮ್ಮ ಕನ್ನಡ ಸಂಘಗಳು ಯಂತ್ರವನ್ನು ಶಿಬಿರಕ್ಕೆ ತರುವ ಬದಲು ಹಿರಿಯರನ್ನು ನೋಂದಾಯಿತ ಕೇಂದ್ರಕ್ಕೆ ಕರೆದೊಯ್ಯುವುದು ಮೇಲು. ಬೇರೆ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸುವಾಗ ಮಹಾಧಮನಿಯನ್ನೂ ಅಳೆಯಿರೆಂದು ವೈದ್ಯರನ್ನು ಕೇಳಿಕೊಳ್ಳಬಹುದು. ಉಬ್ಬು ಕಂಡುಬಂದರೆ ಪಂಜಾಗುಟ್ಟದ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಂಥ ಸಂಸ್ಥೆಗಳಲ್ಲಿ ರಕ್ತನಾಳ ಶಸ್ತ್ರಚಿಕಿತ್ಸೆಯ ತಜ್ಞರಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಉಬ್ಬು ಇದೆಯೆಂದು ತಿಳಿದೊಡನೆ ಕತ್ತಿಯ ಕೆಳಗೆ ಹೋಗಬೇಕಾಗಿಲ್ಲ. ಸಣ್ಣ ಉಬ್ಬುಗಳನ್ನು ಕಾಲಕಾಲಕ್ಕೆ ಅಳೆಯುತ್ತ, ಧೂಮಪಾನವನ್ನು ಬಿಟ್ಟು, ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದೇ ಕ್ರಮ. ಗಂಡಸರಲ್ಲಿ ಸಾಮಾನ್ಯವಾಗಿ 5.5 ಸೆಂಟಿಮೀಟರು ಮುಟ್ಟಿದಾಗ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಆ ಚಿಕಿತ್ಸೆಗೂ ಅದರದೇ ಅಪಾಯವುಂಟು. ಕೆಲವರಿಗೆ ಎಂದೂ ಒಡೆಯದ ಉಬ್ಬಿನ ಚಿಂತೆಯೇ ಹೊರೆಯಾಗುವುದೂ ಉಂಟು. ಇವನ್ನೆಲ್ಲ ವೈದ್ಯರೊಡನೆ ಮುಂಚೆಯೇ ಮಾತಾಡಿಕೊಳ್ಳುವುದು ವಿವೇಕ.

ಹಿರಿಯರು ತಮಗಾಗಿ ಖರ್ಚು ಮಾಡಲು ಹಿಂಜರಿಯುವುದು ನಮ್ಮಲ್ಲಿ ಹೊಸತಲ್ಲ. ಮನೆಯ ಮಕ್ಕಳೇ ಮುಂದಾಗಿ ಅವರನ್ನು ಕರೆದೊಯ್ಯಲಿ. ಹತ್ತು ನಿಮಿಷದ ಒಂದು ಅಳತೆ ಒಂದು ಸಂಸಾರವನ್ನು ದುಃಖದಿಂದ ಉಳಿಸೀತು.