ಮಧುಮೇಹಿಗಳೇ, ಸಕ್ಕರೆಯ ಲೆಕ್ಕದೊಂದಿಗೆ ಲಸಿಕೆಯ ಲೆಕ್ಕವೂ ಇರಲಿ

ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದೇ ಈಗ ಕಷ್ಟ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಮಾತ್ರೆ, ಪಥ್ಯ, ನಡಿಗೆ, ರಕ್ತಪರೀಕ್ಷೆಯ ಬಗ್ಗೆ ಹೆಚ್ಚಿನವರಿಗೆ ಗೊತ್ತು. ಆದರೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡಿದ್ದೀರಾ ಎಂದು ಕೇಳಿದರೆ "ಅದು ಮಕ್ಕಳಿಗೆ ಅಲ್ಲವೇ?" ಎನ್ನುವವರೇ ಹೆಚ್ಚು.

2017-18ರಲ್ಲಿ ದೇಶದಾದ್ಯಂತ ನಡೆದ ಹಿರಿಯರ ಆರೋಗ್ಯ ಸಮೀಕ್ಷೆ ಇದನ್ನೇ ಹೇಳುತ್ತದೆ. 45 ವರ್ಷ ದಾಟಿದವರಲ್ಲಿ ಫ್ಲೂ ಲಸಿಕೆ ಪಡೆದವರು ನೂರಕ್ಕೆ ಇಬ್ಬರೂ ಇರಲಿಲ್ಲ. ನ್ಯುಮೋನಿಯಾ ಲಸಿಕೆ ಪಡೆದವರು ಒಬ್ಬರೂ ಇರಲಿಲ್ಲ. ಹಿರಿಯರಲ್ಲಿ ನೂರಕ್ಕೆ 75 ಮಂದಿಗೆ ಫ್ಲೂ ಲಸಿಕೆ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ 2003ರಲ್ಲೇ ಗುರಿ ಇಟ್ಟಿತ್ತು.

ಅಪಾಯ ಏಕೆ ಹೆಚ್ಚು?

ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣುಗಳನ್ನು ಎದುರಿಸುವ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಜ್ವರ ಬಂದಾಗ ದೇಹದಲ್ಲಿ ಹೆಚ್ಚುವ ಹಾರ್ಮೋನುಗಳು ಸಕ್ಕರೆಯನ್ನು ಮತ್ತಷ್ಟು ಏರಿಸುತ್ತವೆ. ಹೀಗೆ ಕಾಯಿಲೆ ಸಕ್ಕರೆಯನ್ನು, ಸಕ್ಕರೆ ಕಾಯಿಲೆಯನ್ನು ಹೆಚ್ಚಿಸುತ್ತಾ ಹೋಗುತ್ತದೆ. ಫ್ಲೂ ವೈರಾಣು ಶ್ವಾಸನಾಳದ ಒಳಪದರವನ್ನು ಕೆಡಿಸಿದರೆ, ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಸುಲಭವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. 2009ರ ಎಚ್1ಎನ್1 ಹಾವಳಿಯ ವೇಳೆ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಮಧುಮೇಹಿಗಳು ಆಸ್ಪತ್ರೆ ಸೇರಬೇಕಾಗಿ ಬರುವ ಅಪಾಯ ಇತರರಿಗಿಂತ ಮೂರು ಪಟ್ಟು ಇದ್ದುದು ಕಂಡುಬಂದಿತ್ತು.

ಯಾವ ಲಸಿಕೆ, ಯಾವಾಗ?

ಫ್ಲೂ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಿಕೊಳ್ಳಬೇಕು. ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನೂ ವರ್ಷ ವರ್ಷ ಪರಿಷ್ಕರಿಸಲಾಗುತ್ತದೆ. ಲಸಿಕೆ ಪಡೆದು ಸುಮಾರು ಎರಡು ವಾರಗಳಲ್ಲಿ ರಕ್ಷಣೆ ದೊರೆಯುತ್ತದೆ. ಮಳೆಗಾಲದಲ್ಲಿ ಫ್ಲೂ ಹೆಚ್ಚುವುದರಿಂದ ನಮ್ಮ ಕರಾವಳಿಯವರು ಮೇ ತಿಂಗಳಲ್ಲೇ ಹಾಕಿಸಿಕೊಂಡರೆ ಒಳ್ಳೆಯದು.

ನ್ಯುಮೋಕಾಕಲ್ ಲಸಿಕೆ ಪ್ರತಿ ವರ್ಷ ಬೇಕಿಲ್ಲ. ಇದರಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳಿವೆ. ಯಾವುದು ಸೂಕ್ತ, ಒಂದೇ ಡೋಸ್ ಸಾಕೇ, ಇನ್ನೊಂದು ಬೇಕೇ ಎಂಬುದನ್ನು ವಯಸ್ಸು ಮತ್ತು ಹಿಂದೆ ಪಡೆದ ಲಸಿಕೆ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಆದ್ದರಿಂದ ಲಸಿಕೆಯ ಹೆಸರು, ದಿನಾಂಕವಿರುವ ಚೀಟಿಯನ್ನು ಜೋಪಾನವಾಗಿಡಿ.

ತಪ್ಪು ತಿಳುವಳಿಕೆಗಳು

"ಇಂಜೆಕ್ಷನ್‌ನಿಂದಲೇ ಫ್ಲೂ ಬರುತ್ತದೆ" ಎಂಬುದು ನಿಜವಲ್ಲ. ಇಂಜೆಕ್ಷನ್ ಮೂಲಕ ಕೊಡುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದಿಲ್ಲ. ತೋಳು ನೋವು, ಒಂದೆರಡು ದಿನ ಮೈ ಬಿಸಿ ಇರಬಹುದು. ಸಕ್ಕರೆ ತುಸು ಏರಬಹುದು. ಇದಕ್ಕಾಗಿ ಇನ್ಸುಲಿನ್ ಅಥವಾ ಮಾತ್ರೆ ನಿಲ್ಲಿಸಬಾರದು. ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ, ಈಗ ಜೋರು ಜ್ವರವಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಲಸಿಕೆ ಹಾಕಿಸಿಕೊಂಡವರಿಗೂ ಕೆಲವೊಮ್ಮೆ ಫ್ಲೂ ಬರಬಹುದು. ಆದರೆ ಅದು ಉಲ್ಬಣಿಸುವ ಸಂಭವ ಕಡಿಮೆ.

ನಾವು ಹಿಂದೆ ಬಿದ್ದಿರುವುದು ಏಕೆ?

ಮಕ್ಕಳಿಗೆ ನ್ಯುಮೋಕಾಕಲ್ ಲಸಿಕೆ ಸರಕಾರದಿಂದಲೇ ಉಚಿತವಾಗಿ ಸಿಗುತ್ತದೆ. 2021ರಲ್ಲಿ ಇದು ದೇಶದೆಲ್ಲೆಡೆ ಜಾರಿಯಾಯಿತು. ವಯಸ್ಕ ಮಧುಮೇಹಿಗಳಿಗೆ ಅಂತಹ ವ್ಯವಸ್ಥೆ ಇಲ್ಲ, ಹೆಚ್ಚಿನವರು ಕೈಯಿಂದಲೇ ಹಣ ಕೊಡಬೇಕು. ಬಡ ಕುಟುಂಬಕ್ಕೆ ಇದು ಸಣ್ಣ ಖರ್ಚಲ್ಲ. ಆದರೆ ಹಣವೊಂದೇ ಕಾರಣವಲ್ಲ. ಅವಸರದ ಭೇಟಿಯಲ್ಲಿ ವೈದ್ಯರು ಸಕ್ಕರೆಯ ಅಂಕಿ ನೋಡಿ ಮಾತ್ರೆ ಬರೆಯುತ್ತಾರೆ; ಲಸಿಕೆಯ ಮಾತು ಅವರೂ ಎತ್ತುವುದಿಲ್ಲ, ನಾವೂ ಕೇಳುವುದಿಲ್ಲ. 2021ರ ಮಾರ್ಚ್‌ನಲ್ಲಿ ಹಿರಿಯರಿಗೂ, 45 ದಾಟಿದ ದೀರ್ಘಕಾಲದ ಮಧುಮೇಹಿಗಳಿಗೂ ಕೋವಿಡ್ ಲಸಿಕೆ ಆರಂಭವಾದಾಗ ಎಷ್ಟೋ ಮಂದಿ ಸಾಲಿನಲ್ಲಿ ನಿಂತರು. ಕರೆದು ಹೇಳಿದರೆ ಜನ ಬರುತ್ತಾರೆ ಎಂಬುದಕ್ಕೆ ಇದೇ ಸಾಕ್ಷಿ.

ಮುಂದಿನ ಸಲ ಸಕ್ಕರೆ ಪರೀಕ್ಷೆಗೆ ಹೋದಾಗ "ಡಾಕ್ಟ್ರೇ, ನನಗೆ ಫ್ಲೂ, ನ್ಯುಮೋನಿಯಾ ಲಸಿಕೆ ಬೇಕೇ?" ಎಂದು ನೀವಾಗಿಯೇ ಕೇಳಿ. ರೋಗಿಗಳ ಮನೆಗೆ ಭೇಟಿ ಕೊಡುವ ವಾರ್ಡಿನ ಗುರಿಕಾರರು, ಕಾರ್ಯಕರ್ತರು ಕ್ಷೇಮ ವಿಚಾರಿಸುವಾಗ ಈ ಪ್ರಶ್ನೆಯನ್ನೂ ಸೇರಿಸಿಕೊಳ್ಳಲಿ. ಮನೆಯ ಹಿರಿಯರ ಲಸಿಕೆಗೆ ಮಕ್ಕಳು ಹಣ ತೆಗೆದಿಡಲಿ. ಮಳೆ ಶುರುವಾಗುವ ಮೊದಲೇ ಈ ಕೆಲಸ ಮುಗಿಯಲಿ.